ಚಿಕ್ಕಮಗಳೂರು ‘ಕಾರ್ಬನ್ ನ್ಯೂಟ್ರಲ್’ ಆಗುತ್ತದಾ? ನನಗಂತೂ ನಂಬಿಕೆ ಬರುತ್ತಿಲ್ಲ

ಕೋಟೆಕೆರೆ ಏರಿ

ನಮ್ಮ ವಾಕಿಂಗ್ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಭಾರೀ ಹುಮ್ಮಸ್ಸಿನಲ್ಲಿದ್ದಾರೆ. ಅವರ ಅಣ್ಣನ ಮಗ ಅಮೆರಿಕದ ಇಥಾಕಾ ಅನ್ನುವ ಊರಿನಲ್ಲಿ ಓದುತ್ತಿದ್ದಾನೆ. ಮೂವತ್ತು ಸಾವಿರ ಚಿಲ್ಲರೆ ಜನರ ಪುಟ್ಟ ಊರು. 2030ರ ಹೊತ್ತಿಗೆ ಊರಿಗೆ ಊರೇ ಕಾರ್ಬನ್ ನ್ಯೂಟ್ರಲ್ ಆಗಬೇಕು, ಅಂದರೆ ಗಾಳಿಗೆ ಬಿಟ್ಟಷ್ಟು ಇಂಗಾಲವನ್ನು ವಾಪಸ್ ಹೀರಿಸಿ ಲೆಕ್ಕ ಸೊನ್ನೆ ಮಾಡಬೇಕು ಅಂತ 2019ರಲ್ಲೇ ಅಲ್ಲಿನ ನಗರಸಭೆ ಠರಾವು ಮಾಡಿದೆ. ‘ಅವರಿಗಿಂತ ನಮ್ಮಲ್ಲಿ ತೋಟ ಜಾಸ್ತಿ, ಚಳಿ ಕಮ್ಮಿ. ನಾವ್ಯಾಕೆ ಮಾಡಬಾರದು?’ ಅನ್ನುವುದು ಇವರ ಪ್ರಶ್ನೆ. ಮನವಿ ಬರೆದು ಸಹಿ ಸಂಗ್ರಹಿಸುತ್ತಿದ್ದಾರೆ. ನಾನು ಸಹಿ ಹಾಕಲಿಲ್ಲ. ಯಾಕೆ ಅಂತ ಅಲ್ಲಿ ಬರೆದರೆ ಜಗಳ ಆಗುತ್ತದೆ, ಇಲ್ಲವಾದರೆ ಗುಡ್ ಮಾರ್ನಿಂಗ್ ಚಿತ್ರಗಳ ಅಡಿಯಲ್ಲಿ ಹೂತುಹೋಗುತ್ತದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನನ್ನ ಮನೆಯ ಲೆಕ್ಕ ಹಾಕಿದೆ. ನಾಲ್ಕು ಜನ, ತಿಂಗಳಿಗೆ 80 ಯೂನಿಟ್ ಕರೆಂಟ್. ನಮ್ಮ ದೇಶದ ಗ್ರಿಡ್‌ನಲ್ಲಿ ಒಂದು ಯೂನಿಟ್‌ಗೆ ಸರಾಸರಿ 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಡುತ್ತದೆ. ಅಲ್ಲಿಗೆ 56 ಕೆ.ಜಿ. ಆಯಿತು. 14.2 ಕೆ.ಜಿ.ಯ ಸಿಲಿಂಡರ್ ಪೂರ್ತಿ ಉರಿದರೆ ಸುಮಾರು 42 ಕೆ.ಜಿ. ನಮಗೆ ಒಂದು ಸಿಲಿಂಡರ್ ಒಂದೂವರೆ ತಿಂಗಳು ಬರುತ್ತದೆ, ಹಾಗಾಗಿ ತಿಂಗಳಿಗೆ 28. ಸ್ಕೂಟರಿಗೆ 13 ಲೀಟರ್ ಪೆಟ್ರೋಲ್, ಲೀಟರಿಗೆ 2.3ರಂತೆ 30. ಒಟ್ಟು 114 ಕೆ.ಜಿ. ವರ್ಷಕ್ಕೆ ಹತ್ತಿರ ಹತ್ತಿರ 1.4 ಟನ್. (ಇನ್ನು ಮುಂದೆ ಇದನ್ನು ಸುಮ್ನೆ ‘ಹೊಗೆ’ ಅನ್ನುತ್ತೇನೆ. ವಿಜ್ಞಾನದ ಮೇಷ್ಟ್ರು ಕ್ಷಮಿಸಬೇಕು.)

ಇದರಲ್ಲಿ ನಗರಸಭೆಯ ಕೈಯಲ್ಲಿರುವುದು ಯಾವುದು ಹೇಳಿ? ಕರೆಂಟ್ ಹಂಚುವುದು ಮೆಸ್ಕಾಂ, ಕಲ್ಲಿದ್ದಲು ಉರಿಯುವುದು ರಾಯಚೂರಿನಲ್ಲಿ. ಗ್ಯಾಸು, ಪೆಟ್ರೋಲು ತೈಲ ಕಂಪನಿಗಳದ್ದು. ಬಸ್ಸು ಕೆಎಸ್‌ಆರ್‌ಟಿಸಿಯದ್ದು. ಗಿರಿಯ ಕಾಡು ಅರಣ್ಯ ಇಲಾಖೆಯದ್ದು, ತಪ್ಪಲಿನ ಮರಗಳು ಕಾಫಿ ತೋಟದವರದ್ದು. ಎತ್ತು ಒಬ್ಬರದ್ದು, ಗಾಡಿ ಇನ್ನೊಬ್ಬರದ್ದು. ಸಂತೆಗೆ ಹೊತ್ತಿಗೆ ಸರಿಯಾಗಿ ಮುಟ್ಟಿಸುತ್ತೇನೆ ಅಂತ ಮಾತು ಕೊಡುವವರು ಮತ್ತೊಬ್ಬರು.

ಮರ ನೆಟ್ಟು ಸರಿದೂಗಿಸೋಣ ಅಂದರೆ ಅದರ ಲೆಕ್ಕವನ್ನೂ ನೋಡಿ. 2011ರ ಜನಗಣತಿಯಲ್ಲಿ ನಮ್ಮ ಊರಿನ ಜನಸಂಖ್ಯೆ 1 ಲಕ್ಷ 18 ಸಾವಿರದ ಆಸುಪಾಸು. ದೇಶದ ಸರಾಸರಿ ತಲೆಗೆ 2 ಟನ್ ಇದೆ. ನಮ್ಮಲ್ಲಿ ದೊಡ್ಡ ಕಾರ್ಖಾನೆ ಇಲ್ಲ ಅಂತ ಅರ್ಧ ಹಿಡಿದರೂ ವರ್ಷಕ್ಕೆ ಲಕ್ಷ ಟನ್ ದಾಟುತ್ತದೆ. ಒಂದು ಮರ ವರ್ಷಕ್ಕೆ 20 ಕೆ.ಜಿ. ಎಳೆದುಕೊಳ್ಳುತ್ತದೆ ಅನ್ನಿ. ಲಕ್ಷ ಟನ್ನಿಗೆ 50 ಲಕ್ಷ ಮರ ಬೇಕು. ಹೆಕ್ಟೇರಿಗೆ 400ರಂತೆ ನೆಟ್ಟರೆ 125 ಚದರ ಕಿಲೋಮೀಟರ್ ಜಾಗ. ಎಂ.ಜಿ. ರಸ್ತೆಯಲ್ಲಿ ಒಂದು ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ ನಮಗೆ!

ದುಡ್ಡಿರುವ ಕೋಪನ್‌ಹೇಗನ್ ಕೂಡ ಇದರಲ್ಲಿ ಎಡವಿತು. 2025ಕ್ಕೆ ಜಗತ್ತಿನ ಮೊದಲ ಕಾರ್ಬನ್ ನ್ಯೂಟ್ರಲ್ ರಾಜಧಾನಿ ಆಗುತ್ತೇವೆ ಅಂತ 2012ರಲ್ಲಿ ಯೋಜನೆ ಮಾಡಿದರು. ಕಸ ಸುಟ್ಟು ಕರೆಂಟ್ ಮಾಡುವ ಅವರ ಸ್ಥಾವರದ ಹೊಗೆಯನ್ನು ಹಿಡಿದು ನೆಲದಡಿ ಹೂಳುವ ಯಂತ್ರಕ್ಕೆ ಸರ್ಕಾರದ ಹಣ ಸಿಗಲಿಲ್ಲ. 2022ರಲ್ಲಿ ‘ಆಗುವುದಿಲ್ಲ’ ಅಂತ ಒಪ್ಪಿಕೊಂಡರು. ಅವರದ್ದೇ ಸ್ಥಾವರ ಇದ್ದೂ ಹೀಗಾಯಿತು. ನಮ್ಮದು ಏನಿದೆ?

ತಪ್ಪಿದ್ದರೆ ತಿದ್ದಿ. ಬೈಯುವವರು ಲೆಕ್ಕ ಹಾಕಿ ಬೈಯಿರಿ.

ಗಿರಿ ಹುಡುಗ

ಅಂಕಲ್, ಲೆಕ್ಕ ಚೆನ್ನಾಗಿದೆ. ಆದರೆ ಪರೀಕ್ಷೆಗೆ ಮುಂಚೆಯೇ ಫೇಲ್ ಅಂತ ಬರೆದುಕೊಂಡು ಕೂತಹಾಗಿದೆ. ಬೆಂಗಳೂರು 2023ರ ನವೆಂಬರ್‌ನಲ್ಲಿ ಹವಾಮಾನ ಕ್ರಿಯಾ ಯೋಜನೆ ತಂದಿದೆ, 2050ರ ಗುರಿ ಇಟ್ಟುಕೊಂಡಿದೆ. ದೇಶಕ್ಕೇ 2070ರ ಗುರಿ ಇದೆ. ಭೂತಾನ್ ಆಗಲೇ ಉಗುಳುವುದಕ್ಕಿಂತ ಜಾಸ್ತಿ ಹೀರುತ್ತಿದೆ. ಗುರಿ ಅಂತ ಒಂದಿದ್ದರೆ ತಾನೇ ಕೆಲಸ ಶುರು ಆಗೋದು? ಕೋಪನ್‌ಹೇಗನ್ನಿನವರು ನೂರಕ್ಕೆ ನೂರು ಮುಟ್ಟಲಿಲ್ಲ ನಿಜ. ಆದರೆ ಅರ್ಧಕ್ಕಿಂತ ಜಾಸ್ತಿ ಇಳಿಸಿದ್ದಾರೆ. ಅದನ್ನು ನೀವು ಬರೆಯಲೇ ಇಲ್ಲ.

ಕೋಟೆಕೆರೆ ಏರಿ

ಅದು ಬರೆಯಬೇಕಿತ್ತು, ಒಪ್ಪಿದೆ. ಆದರೆ ಭೂತಾನ್ ಒಂದು ದೇಶ ಕಣಪ್ಪ. ಅವರ ಕಾಡು ಅವರ ಗಡಿಯೊಳಗೇ ಇದೆ, ಜನ ಎಂಟು ಲಕ್ಷ ದಾಟಿಲ್ಲ, ಕರೆಂಟು ನೀರಿನಿಂದ ಮಾಡಿ ನಮಗೇ ಮಾರುತ್ತಾರೆ. ನಮ್ಮ ನಗರಸಭೆ ಗಡಿಯೊಳಗೆ ಕಾಡು ಎಲ್ಲಿದೆ ತೋರಿಸು. ಪಾರ್ಕುಗಳನ್ನು ಲೆಕ್ಕಕ್ಕೆ ಹಿಡಿಯಬೇಡ.

ಕೊಪ್ಪದ ಕೊಡೆ

ಎಂತ ಮಾರಾಯ್ರೆ, ನೀವು ಗಡಿ ಸ್ವಲ್ಪ ದೊಡ್ಡದು ಮಾಡಿ ನಮ್ಮ ಕೊಪ್ಪ, ಶೃಂಗೇರಿ ಸೇರಿಸಿಕೊಂಡುಬಿಡಿ. ನಾಳೆ ಬೆಳಿಗ್ಗೆಯೇ ನ್ಯೂಟ್ರಲ್. ನಮಗೆ ವರ್ಷಕ್ಕೊಂದು ಸಲ ಊಟ ಹಾಕಿಸಿದರೆ ಸಾಕು.

ಹಾಸನದಿಂದ

ನಗಬೇಡಿ, ಇದೇ ನಿಜವಾದ ಪ್ರಶ್ನೆ. ನಮ್ಮೂರ ಪಕ್ಕದಲ್ಲೇ ಬೆಂಗಳೂರು–ಮಂಗಳೂರು ಹೆದ್ದಾರಿ 75 ಹೋಗುತ್ತದೆ. ರಾತ್ರಿ ಪೂರ್ತಿ ಲಾರಿ, ಟ್ಯಾಂಕರ್. ಅವು ಹಾಸನದಲ್ಲಿ ಟೀಗೆ ಬಿಟ್ಟರೆ ಬೇರೆ ಯಾವುದಕ್ಕೂ ನಿಲ್ಲುವುದಿಲ್ಲ. ಆ ಹೊಗೆ ಯಾರ ಲೆಕ್ಕ?

ಸೀಮೆಸುಣ್ಣ

ಕಾಲೇಜಿನಲ್ಲಿ ಪರಿಸರ ವಿಷಯ ಪಾಠ ಮಾಡುತ್ತೇನೆ. ಹಾಗಾಗಿ ಸ್ವಲ್ಪ ಉದ್ದ ಆಗುತ್ತದೆ, ತಡೆದುಕೊಳ್ಳಿ.

ನಗರಗಳ ಹೊಗೆ ಲೆಕ್ಕಕ್ಕೆ 2014ರಿಂದ ಒಂದು ಅಂತರರಾಷ್ಟ್ರೀಯ ಪದ್ಧತಿ ಇದೆ. ಅದು ಮೂರು ಕಟ್ಟು ಮಾಡುತ್ತದೆ. ಊರ ಗಡಿಯೊಳಗೇ ಉರಿದದ್ದು ಮೊದಲನೆಯದು. ನಿಮ್ಮ ಗ್ಯಾಸು, ಸ್ಕೂಟರು ಇದರಲ್ಲಿ. ಊರು ಬಳಸಿದ ಕರೆಂಟಿಗಾಗಿ ಬೇರೆ ಕಡೆ ಉರಿದದ್ದು ಎರಡನೆಯದು. ನಮ್ಮಿಂದಾಗಿ ಗಡಿಯಾಚೆ ಆದ ಉಳಿದದ್ದೆಲ್ಲ ಮೂರನೆಯದು. ಹೆಚ್ಚಿನ ಊರುಗಳು ಮೊದಲೆರಡು ಕಟ್ಟು, ಜೊತೆಗೆ ಕಸ, ಇಷ್ಟಕ್ಕೆ ಲೆಕ್ಕ ಮುಗಿಸುತ್ತವೆ. ಮೂರನೆಯದನ್ನು ಮುಟ್ಟುವುದು ಕಮ್ಮಿ. ಅಲ್ಲೇ ಇರೋದು ಮಜಾ.

ಕೋಟೆಕೆರೆಯವರೇ, ನಿಮ್ಮ ಮನೆ ಲೆಕ್ಕದಲ್ಲಿ ಒಂದು ದೊಡ್ಡ ಐಟಂ ಬಿಟ್ಟುಹೋಗಿದೆ. ಇತ್ತೀಚೆಗೆ ಏನಾದರೂ ಕಟ್ಟಿಸಿದ್ದೀರಾ?

ಕೋಟೆಕೆರೆ ಏರಿ

ಎರಡು ವರ್ಷದ ಹಿಂದೆ ಮಹಡಿ ಎತ್ತಿಸಿದೆ. ಸಾವಿರ ಚದರಡಿ. ಬಾಡಿಗೆಗೆ ಕೊಟ್ಟಿದ್ದೇನೆ. ಯಾಕೆ ಮೇಡಂ?

ಸೀಮೆಸುಣ್ಣ

ಸಾವಿರ ಚದರಡಿಗೆ ಸಾಧಾರಣ 400 ಚೀಲ ಸಿಮೆಂಟ್ ಹಿಡಿದಿರುತ್ತದೆ. ಅಂದರೆ 20 ಟನ್. ಒಂದು ಟನ್ ಸಿಮೆಂಟ್ ಮಾಡಲು ಸುಮಾರು 0.6 ಟನ್ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಸುಣ್ಣದ ಕಲ್ಲನ್ನು ಸುಟ್ಟಾಗ ಕಲ್ಲಿನೊಳಗಿಂದಲೇ ಬರುತ್ತದೆ, ಉರಿಸಿದ ಕಲ್ಲಿದ್ದಲಿನದ್ದು ಅದರ ಮೇಲೆ. ಒಟ್ಟು 12 ಟನ್. ಕಬ್ಬಿಣ, ಇಟ್ಟಿಗೆ, ಜಲ್ಲಿ ಲೆಕ್ಕಕ್ಕೇ ಹಿಡಿದಿಲ್ಲ. ನಿಮ್ಮ ಮನೆಯವರೆಲ್ಲ ಒಂಬತ್ತು ವರ್ಷ ಅಡುಗೆ ಮಾಡಿ, ಫ್ಯಾನು ಹಾಕಿ, ಸ್ಕೂಟರ್ ಓಡಿಸಿದರೆ ಬರುವ ಹೊಗೆಯನ್ನು ಒಂದು ಮಹಡಿಯ ಸಿಮೆಂಟೇ ಮಾಡಿತು.

ಆ ಸಿಮೆಂಟ್ ಕಲಬುರಗಿ ಕಡೆಯಿಂದ ಬಂದಿದ್ದರೆ ಹೊಗೆಯೂ ಕಲಬುರಗಿಯ ಲೆಕ್ಕಕ್ಕೇ ಹೋಗುತ್ತದೆ. ಚಿಕ್ಕಮಗಳೂರಿನ ಪುಸ್ತಕದಲ್ಲಿ ನಿಮ್ಮ ಮಹಡಿ ಪೂರ್ತಿ ಶುದ್ಧ.

ಕೋಟೆಕೆರೆ ಏರಿ

ಅಯ್ಯೋ.

ಇಥಾಕಾದವರನ್ನು ಆಡಿಕೊಳ್ಳಲು ಹೋಗಿ ನಾನೇ ಸಿಕ್ಕಿಬಿದ್ದೆ. ಮನೆಯಾಕೆ ಇದನ್ನು ಓದಿ ‘ಆಗಲೇ ಹೇಳಿದ್ದೆ, ಮಹಡಿ ಬೇಡ ಅಂತ’ ಅಂದಳು. ಅವಳು ಹೇಳಿದ್ದು ಸಾಲದ ವಿಷಯಕ್ಕೆ. ಆದರೂ ಅಂಕ ಅವಳಿಗೇ ಹೋಯಿತು.

ಆಲ್ದೂರಿನ ಮರಗಸಿ

ಗೆಳೆಯರೇ, ಎಲ್ಲರೂ ತೋಟದವರ ಮರ ಎಣಿಸುತ್ತಿದ್ದೀರಿ. ತೋಟದವರನ್ನು ಒಂದು ಮಾತು ಕೇಳಬಾರದಾ?

ನಮ್ಮದು ಹನ್ನೆರಡು ಎಕರೆ. ಅಜ್ಜನ ಕಾಲದ ಮತ್ತಿ, ನಂದಿ, ಅತ್ತಿ, ಹಲಸು ಇವೆ. ಮಧ್ಯೆ ಮಧ್ಯೆ ಅಪ್ಪ ಹಾಕಿದ ಸಿಲ್ವರ್ ಓಕ್ ಮರ, ಅದಕ್ಕೆ ಹಬ್ಬಿಸಿದ ಮೆಣಸು. ನೋಡಿದವರು ‘ಆಹಾ, ಎಷ್ಟು ಇಂಗಾಲ ಹೀರುತ್ತದೆ’ ಅನ್ನುತ್ತಾರೆ. ದೊಡ್ಡ ಮರ ಈಗಾಗಲೇ ಹಿಡಿದಿಟ್ಟುಕೊಂಡಿರುವುದು ಬೇರೆ, ಈ ವರ್ಷ ಹೊಸದಾಗಿ ಎಳೆದುಕೊಳ್ಳುವುದು ಬೇರೆ. ತುಂಬಿದ ಕೆರೆ ತೋರಿಸಿ ‘ಈ ವರ್ಷ ಇಷ್ಟು ಮಳೆ ಬಂತು’ ಅಂದರೆ ಒಪ್ಪುತ್ತೀರಾ? ನೂರು ವರ್ಷದ ಅತ್ತಿ ಈಗ ಎಷ್ಟು ಬೆಳೆಯುತ್ತದೆ? ಅದನ್ನು ಕಡಿಯದೆ ಬಿಟ್ಟಿದ್ದೇ ದೊಡ್ಡ ಉಪಕಾರ. ನಿಮ್ಮ ಸ್ಕೂಟರಿನ ಹೊಗೆಯನ್ನೂ ಅದರ ತಲೆಗೆ ಕಟ್ಟಬೇಡಿ.

ಇನ್ನು ಮರಗಸಿ. ಮಳೆ ಹಿಡಿಯುವ ಮುಂಚೆ ಗಿಡಕ್ಕೆ ಬೆಳಕು ಬೀಳಲಿ ಅಂತ ಕೊಂಬೆ ಇಳಿಸುತ್ತೇವೆ. ಮೇಲೆ ಹತ್ತಿದವನು ಕತ್ತಿ ಹಾಕಿದರೆ ಕೆಳಗೆ ಕಾಫಿ ಗಿಡದ ರೆಕ್ಕೆ (ಅಡ್ಡ ಕೊಂಬೆ) ಮುರಿಯದ ಹಾಗೆ ಹಗ್ಗದಲ್ಲಿ ಬಿಡಬೇಕು. ಈಗ ಆ ಕೆಲಸ ಗೊತ್ತಿರುವವರೇ ಸಿಗುವುದಿಲ್ಲ, ಅದು ಬೇರೆ ಕಥೆ. ಇಳಿಸಿದ ಕೊಂಬೆ ಸೌದೆ ಆಗುತ್ತದೆ, ಸೊಪ್ಪು ಕೊಳೆಯುತ್ತದೆ. ಸಿಲ್ವರ್ ಇಪ್ಪತ್ತು, ಇಪ್ಪತ್ತೈದು ವರ್ಷಕ್ಕೆ ಪ್ಲೈವುಡ್‌ಗೆ ಹೋಗುತ್ತದೆ. ಹೀರಿದ್ದರಲ್ಲಿ ಬಹುಪಾಲು ಇವತ್ತಲ್ಲ ನಾಳೆ ವಾಪಸ್ ಗಾಳಿಗೇ. ಮೇಲಿಂದ ನಾವು ಹಾಕುವ ಯೂರಿಯಾ ಇದೆ. ಅದರಿಂದ ಏಳುವ ನೈಟ್ರಸ್ ಆಕ್ಸೈಡ್ ಒಂದು ಕೆ.ಜಿ.ಗೆ ಇಂಗಾಲದ ಡೈಆಕ್ಸೈಡ್ 270 ಕೆ.ಜಿ.ಯಷ್ಟು ಬಿಸಿ ಹಿಡಿಯುತ್ತದೆ. ಕಾಫಿ ಹಣ್ಣಿನ ಸಿಪ್ಪೆ ಸುಲಿದ ಪಲ್ಪಿಂಗ್ ನೀರು ಗುಂಡಿಯಲ್ಲಿ ಕೊಳೆತರೆ ಮೀಥೇನ್. ಮಾರ್ಚ್‌ನಲ್ಲಿ ಹೂವಿನ ಮಳೆ ಕೈಕೊಟ್ಟರೆ ಸ್ಪ್ರಿಂಕ್ಲರಿಗೆ ಡೀಸೆಲ್ ಪಂಪು. ನಾನು ತೋಟ ಮಾಡುವವನು, ಆದರೂ ಹೇಳುತ್ತೇನೆ. ತೋಟ ಕಾಡಲ್ಲ.

ಹೋದ ವರ್ಷ ಒಬ್ಬ ಹುಡುಗ ಟ್ಯಾಬ್ ಹಿಡಿದುಕೊಂಡು ಬಂದ. ಕಾರ್ಬನ್ ಕ್ರೆಡಿಟ್ ಮಾಡಿಸಿಕೊಡುತ್ತೇನೆ, ಅಂದರೆ ಮರ ಹೀರಿದ ಇಂಗಾಲಕ್ಕೆ ಕಂಪನಿಗಳಿಂದ ದುಡ್ಡು ಕೊಡಿಸುತ್ತೇನೆ ಅಂದ. ಕಣದಲ್ಲಿ ಕೂರಿಸಿ ಕಾಫಿ ಕೊಟ್ಟೆ. ‘ಈ ಅತ್ತಿ ಮರಕ್ಕೆ ಎಷ್ಟು ಬರುತ್ತದೆ?’ ಅಂತ ಕೇಳಿದೆ. ‘ಇದಕ್ಕೆ ಬರಲ್ಲ ಸಾರ್, ಇದು ಮೊದಲಿಂದಲೂ ಇದೆಯಲ್ಲ. ಹೊಸದಾಗಿ ನೆಟ್ಟಿದ್ದಕ್ಕೆ ಮಾತ್ರ’ ಅಂದ. ಅಲ್ಲಿಗೆ, ಮರ ಉಳಿಸಿಕೊಂಡ ನಾನು ದಡ್ಡ. ಬೋಳು ಮಾಡಿ ಕೂತವನಿಗೆ ಅವಕಾಶ! ಅವನ ತಪ್ಪಲ್ಲ. ಲೆಕ್ಕದ ನಿಯಮವೇ ಹಾಗೆ, ಹೆಚ್ಚುವರಿ ಆದದ್ದಕ್ಕೆ ಮಾತ್ರ ದುಡ್ಡು. ಆದರೆ ಕರಾರು ಮೂವತ್ತು ವರ್ಷದ್ದು. ಮಗಳಿಗೆ ತೋಟ ಬೇಕೋ ಬೇಡವೋ ಗೊತ್ತಿಲ್ಲ, ಅವಳ ಮರಗಳ ಮೇಲೆ ನಾನು ಸಹಿ ಹಾಕಲಾ? ಹಾಕಲಿಲ್ಲ.

ಇನ್ನೊಂದು ವಿಷಯ. ಅಕಸ್ಮಾತ್ ನಾನು ಆ ಕ್ರೆಡಿಟ್ಟನ್ನು ಯಾವುದೋ ಕಂಪನಿಗೆ ಮಾರಿದೆ ಅನ್ನಿ. ಆಮೇಲೆ ಅದೇ ಮರ ತೋರಿಸಿ ಚಿಕ್ಕಮಗಳೂರು ‘ನಾವು ನ್ಯೂಟ್ರಲ್’ ಅನ್ನುವ ಹಾಗಿಲ್ಲ. ಒಂದೇ ಸೈಟನ್ನು ಇಬ್ಬರಿಗೆ ಮಾರಿದ ಹಾಗಾಗುತ್ತದೆ.

ಗಿರಿ ಹುಡುಗ

ಗೌಡ್ರೇ, ವಯನಾಡಿನ ಮೀನಂಗಾಡಿ ಪಂಚಾಯಿತಿ 2016ರಲ್ಲೇ ಇದನ್ನು ಶುರು ಮಾಡಿತು. ಅದೂ ಕಾಫಿ ಸೀಮೆ. ಅಲ್ಲಿ ಗಿಡ ನೆಟ್ಟ ರೈತನಿಗೆ ಮರಕ್ಕೆ ವರ್ಷಕ್ಕೆ 50 ರೂಪಾಯಿಯಂತೆ ಹತ್ತು ವರ್ಷ ಬಡ್ಡಿ ಇಲ್ಲದ ಸಾಲ ಕೊಡುವ ಯೋಜನೆ ಮಾಡಿದರು. ಮರ ಕಡಿದರೆ ಸಾಲ ವಾಪಸ್, ಉಳಿಸಿಕೊಂಡರೆ ಕಟ್ಟಬೇಕಾಗಿಲ್ಲ. ನಮ್ಮಲ್ಲಿ ಯಾಕಾಗಬಾರದು?

ಆಲ್ದೂರಿನ ಮರಗಸಿ

ಒಳ್ಳೇ ಯೋಜನೆ, ಏಜೆಂಟ್ ಹುಡುಗನ ಕರಾರಿಗಿಂತ ಸಾವಿರ ಪಾಲು ವಾಸಿ. ಮೀನಂಗಾಡಿಯಲ್ಲಿ ಗಮನಿಸಬೇಕಾದ್ದು ಒಂದಿದೆ. ಅಲ್ಲಿ ತೋಟವೂ ಪಂಚಾಯಿತಿಯೊಳಗೆ, ತೋಟದವನೂ ಪಂಚಾಯಿತಿಯೊಳಗೆ. ಇಲ್ಲಿ ಹೊಗೆ ಐ.ಜಿ. ರಸ್ತೆಯದ್ದು, ಮರ ಆಲ್ದೂರಿನದ್ದು. ಪೇಟೆಯವರು ನಮ್ಮ ಮರಕ್ಕೆ ದುಡ್ಡು ಕೊಡುತ್ತೀರಾ? ಒಂದು ಪೌಂಡ್ ಕಾಫಿಪುಡಿಗೆ ಚಿಕೋರಿ ಜಾಸ್ತಿ ಹಾಕಿಸಿಕೊಂಡು ಹತ್ತು ರೂಪಾಯಿ ಉಳಿಸುವ ಜನ ನೀವು.

ಕೊಪ್ಪದ ಕೊಡೆ

ಆ ಚಿಕೋರಿ ಮಾತು ಮಾತ್ರ ಯಾರೂ ಕ್ಷಮಿಸುವುದಿಲ್ಲ ನಿಮ್ಮನ್ನ.

ಛಾವಣಿ

ಸೋಲಾರ್ ವಿಷಯ ಯಾರೂ ಎತ್ತಲಿಲ್ಲ, ನಾನೇ ಎತ್ತುತ್ತೇನೆ. ಕೇಂದ್ರದ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ ಇದೆ. ಹಾಕಿಸೋಣ ಅಂತ ಅಣ್ಣನಿಗೆ ಹೇಳಿದೆ. ಅವನು ಕರೆಂಟ್ ಬಿಲ್ ತೆಗೆದು ತೋರಿಸಿದ. ಸೊನ್ನೆ! ಗೃಹಜ್ಯೋತಿಯಲ್ಲಿ ಬಿಲ್ಲೇ ಬರದವನು ಸಬ್ಸಿಡಿ ಹೋಗಿ ಇನ್ನೂ ಲಕ್ಷದ ಮೇಲೆ ಯಾಕೆ ಸುರಿಯುತ್ತಾನೆ? ಗೃಹಜ್ಯೋತಿ ತಪ್ಪು ಅನ್ನುತ್ತಿಲ್ಲ. ನಮ್ಮ ಅತ್ತೆಯಂಥವರಿಗೆ ಅದರಿಂದ ನಿಜವಾಗಿ ಉಸಿರು ಬಂದಿದೆ. ಆದರೆ ಒಂದು ಸರ್ಕಾರ ಛಾವಣಿಗೆ ಏಣಿ ಇಡುತ್ತದೆ, ಇನ್ನೊಂದು ಕೆಳಗೇ ಊಟ ಹಾಕುತ್ತದೆ. ಯಾರು ಹತ್ತುತ್ತಾರೆ?

ಮಳೆಗಾಲದ ಮಾತು ಬೇರೆ. 3 ಕಿಲೋವ್ಯಾಟಿಗೆ ದಿನಕ್ಕೆ 12 ಯೂನಿಟ್ ಅಂತ ಪುಸ್ತಕ ಹೇಳುತ್ತದೆ. ಜುಲೈನಲ್ಲಿ ನಮ್ಮೂರ ಬಿಸಿಲನ್ನು ಪುಸ್ತಕ ಬರೆದವರು ನೋಡಿಲ್ಲ.

ಆಟೋ ಸ್ಟ್ಯಾಂಡ್ 18

ಸಾರ್, ನಾನು ಒಂದೂವರೆ ವರ್ಷದಿಂದ ಎಲೆಕ್ಟ್ರಿಕ್ ಆಟೋ ಓಡಿಸುತ್ತಿದ್ದೇನೆ. ಯಾರೂ ಪರಿಸರ ಅಂತ ತಗೊಳಲ್ಲ, ನಾನೂ ತಗೊಂಡಿಲ್ಲ. ದಿನಕ್ಕೆ 350 ರೂಪಾಯಿ ಗ್ಯಾಸ್ ಉಳಿಯುತ್ತದೆ ಅಂತ ತಗೊಂಡೆ. ಪೇಟೆಯೊಳಗೆ ಬೆಣ್ಣೆ ಹಾಗೆ ಓಡುತ್ತದೆ. ಕೈಮರದ ಕಡೆ ಏರು ಹತ್ತಿಸಿದರೆ ಬ್ಯಾಟರಿ ಕಣ್ಣೆದುರೇ ಇಳಿಯುತ್ತದೆ. ಇಳಿಯುವಾಗ ಸ್ವಲ್ಪ ವಾಪಸ್ ತುಂಬುತ್ತದೆ, ಅದೊಂದು ಖುಷಿ.

ಛಾವಣಿ ಅಕ್ಕ ಹೇಳಿದ್ದಕ್ಕೆ ನನ್ನದೂ ಒಂದು ಸೇರಿಸಿ. ರಾತ್ರಿ ಮನೆಯಲ್ಲಿ ಚಾರ್ಜ್ ಹಾಕಿದರೆ ದಿನಕ್ಕೆ 7, 8 ಯೂನಿಟ್. ಮನೆಯದ್ದೂ ಸೇರಿ ತಿಂಗಳಿಗೆ 200 ದಾಟಿತು. ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು, ಬರೀ ದಾಟಿದ್ದಕ್ಕಲ್ಲ. ಸೊನ್ನೆ ಬರುತ್ತಿದ್ದ ಮನೆಗೆ ಮೊದಲ ಬಿಲ್ ಬಂದ ದಿನ ನಮ್ಮಮ್ಮ ಆಟೋ ಕಡೆ ನೋಡಿದ ನೋಟ ಈಗಲೂ ನೆನಪಿದೆ. ಆಮೇಲೆ ಕೂತು ಲೆಕ್ಕ ಹಾಕಿ ತೋರಿಸಿದೆ. ಬಿಲ್ ಕಟ್ಟಿದರೂ ಗ್ಯಾಸ್‌ಗಿಂತ ಕಮ್ಮಿಯೇ. ಈಗ ಅಮ್ಮನೇ ಪ್ಲಗ್ ಹಾಕುತ್ತಾರೆ.

ನನ್ನದೊಂದು ಪ್ರಶ್ನೆ. ಗ್ಯಾಸ್ ಆಟೋ ಹೊಗೆ ಇಲ್ಲೇ ಬಿಡುತ್ತಿತ್ತು. ಈಗ ನನ್ನ ಹೊಗೆ ರಾಯಚೂರಲ್ಲಿ ಬರುತ್ತಾ?

ಸೀಮೆಸುಣ್ಣ

ಒಂದಷ್ಟು ಬರುತ್ತದೆ ತಮ್ಮಾ, ಆದರೆ ಕಮ್ಮಿ. 8 ಯೂನಿಟ್‌ಗೆ 5.6 ಕೆ.ಜಿ. ಅಷ್ಟೇ ದೂರಕ್ಕೆ ನಿಮ್ಮ ಹಳೇ ಆಟೋ ಇದಕ್ಕಿಂತ ಜಾಸ್ತಿಯೇ ಬಿಡುತ್ತಿತ್ತು. ಗ್ರಿಡ್ ಶುದ್ಧವಾದಂತೆ ನಿಮ್ಮ ಆಟೋನೂ ತಾನಾಗಿ ಶುದ್ಧವಾಗುತ್ತದೆ. 2025ರ ಜೂನ್ ಹೊತ್ತಿಗೆ ದೇಶದ ವಿದ್ಯುತ್ ಸಾಮರ್ಥ್ಯದಲ್ಲಿ ಅರ್ಧದಷ್ಟು ಸೋಲಾರು, ಗಾಳಿ, ನೀರು, ಅಣು ಇಂಥದ್ದು ಆಗಿದೆ. ಸಾಮರ್ಥ್ಯ ಬೇರೆ, ನಿಜವಾಗಿ ಉತ್ಪಾದನೆ ಆಗುವುದು ಬೇರೆ. ಯೂನಿಟ್ ಲೆಕ್ಕದಲ್ಲಿ ಈಗಲೂ ಕಲ್ಲಿದ್ದಲೇ ಮುಂದು.

ಎರಡು ರೂಮಿನ ಹೋಂಸ್ಟೇ

ಇನ್ನೇನು ಟೂರಿಸ್ಟ್ ಕಾರುಗಳ ಮೇಲೆ ಬೀಳುತ್ತೀರಿ ಅಂತ ಕಾಯುತ್ತಿದ್ದೆ. ಯಾರೂ ಬೀಳಲಿಲ್ಲ, ಆಶ್ಚರ್ಯ. ನಾನೇ ಲೆಕ್ಕ ಕೊಡುತ್ತೇನೆ. ಬೆಂಗಳೂರಿನಿಂದ ಬಂದು ಗಿರಿ ಸುತ್ತಿ ವಾಪಸ್ ಹೋಗಲು 500 ಕಿ.ಮೀ., ಲೀಟರಿಗೆ 15 ಅಂದರೆ 33 ಲೀಟರ್, ಹೊಗೆ 76 ಕೆ.ಜಿ. ಕೋಟೆಕೆರೆಯವರ ಮನೆಯ ಇಪ್ಪತ್ತು ದಿನದ ಹೊಗೆ ಒಂದು ವೀಕೆಂಡಿನಲ್ಲಿ. 2022ರಲ್ಲಿ ಕುರಿಂಜಿ ಅರಳಿದಾಗ ಗಿರಿಯ ರಸ್ತೆಯಲ್ಲಿ ಕಾರುಗಳು ಹೇಗೆ ಸಾಲುಗಟ್ಟಿದ್ದವು ಅಂತ ಎಲ್ಲರೂ ನೋಡಿದ್ದೀರಿ.

ಈಗ ಹೇಳಿ. ಆ ಹೊಗೆ ಬೆಂಗಳೂರಿನದ್ದಾ, ಹಾದಿಯ ಊರುಗಳದ್ದಾ, ನಮ್ಮದಾ? ನಮ್ಮದು ಅಂದರೆ ನನ್ನ ಎರಡು ರೂಮು ಮುಚ್ಚಬೇಕು. ಅವರದ್ದು ಅಂದರೆ ನಾನು ಪುಣ್ಯಾತ್ಮ. ನನ್ನ ಊಟ ಯಾವ ಕಡೆ ಇದೆ ಅಂತ ನಿಮಗೆ ಗೊತ್ತು, ಅದಕ್ಕೇ ಉತ್ತರ ನಾನು ಹೇಳುವುದಿಲ್ಲ. ಒಂದು ಮಾತ್ರ. ರೈಲಿನಲ್ಲಿ ಬರುವವರು ಇದ್ದಾರಾ ಅಂತ ಬುಕಿಂಗ್ ಮಾಡುವ ಎಲ್ಲರನ್ನೂ ಕೇಳುತ್ತೇನೆ. ಕಡೂರಿನಿಂದ ನಮ್ಮೂರಿಗೆ 2013ರಿಂದ ರೈಲು ಇದೆ ಅನ್ನೋದೇ ಬಹಳ ಜನರಿಗೆ ಗೊತ್ತಿಲ್ಲ. ಇಲ್ಲಿ ಇಳಿದ ಮೇಲೆ ಗಿರಿಗೆ ಹೇಗೆ ಹೋಗೋದು ಅಂತ ಕೇಳಿದರೆ ನನ್ನ ಬಳಿಯೂ ಉತ್ತರ ಇಲ್ಲ.

ಆಟೋ ಸ್ಟ್ಯಾಂಡ್ 18

ನನ್ನ ನಂಬರ್ ಕೊಡಿ ಅಕ್ಕ. ಬ್ಯಾಟರಿ ಫುಲ್ ಇದ್ದ ದಿನ ಮಾತ್ರ.

ಡ್ರಮ್ಮಿನ ಗೊಬ್ಬರ

ನನಗೆ ಟನ್ನು ಗಿನ್ನು ತಲೆಗೆ ಹೋಗುವುದಿಲ್ಲ. ಮನೆಯ ಕಸ ಮಾತ್ರ ಗೊತ್ತು. ಈ ಚರ್ಚೆ ಓದಿ ಒಂದು ವಾರ ಹಸಿ ಕಸ ತೂಗಿದೆ, ತರಕಾರಿ ತಕ್ಕಡಿಯಲ್ಲೇ. ನಾಲ್ಕು ಜನ. ಸೋಮವಾರ 600 ಗ್ರಾಂ. ಮಂಗಳವಾರ ಹಲಸಿನಹಣ್ಣು ಬಿಡಿಸಿದ್ದೆವು, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ, ತಕ್ಕಡಿಯೇ ಕೂತುಬಿಟ್ಟಿತು. ಅದು ಬಿಟ್ಟು ವಾರಕ್ಕೆ 5 ಕೆ.ಜಿ. ಆಸುಪಾಸು.

ಆರು ವರ್ಷದಿಂದ ಹಿತ್ತಲಲ್ಲಿ ಎರಡು ಡ್ರಮ್ ಇಟ್ಟು ಗೊಬ್ಬರ ಮಾಡುತ್ತಿದ್ದೇನೆ. ಒಂದು ಪದರ ಕಸ, ಒಂದು ಪದರ ಒಣ ಎಲೆ ಅಥವಾ ಕಾಫಿ ಸಿಪ್ಪೆ. ಮಳೆಗಾಲದಲ್ಲಿ ನೀರು ಇಳಿದರೆ ಕೊಳೆತು ನಾತ ಹೊಡೆಯುತ್ತದೆ, ಆಗ ಸಿಪ್ಪೆ ಜಾಸ್ತಿ ಹಾಕಿ ಕೈಯಾಡಿಸಬೇಕು. ಗಾಳಿಯಾಡಿದರೆ ಮಣ್ಣಿನ ವಾಸನೆ, ಗಾಳಿಯಾಡದಿದ್ದರೆ ಚರಂಡಿ ವಾಸನೆ. ಮೂಗೇ ಮೀಟರು.

ಹಿಂದೆ ಬೇರೆ ಊರಲ್ಲಿದ್ದಾಗ ಹಸಿ ಬೇರೆ, ಒಣ ಬೇರೆ ಮಾಡಿ ಕೊಡುತ್ತಿದ್ದೆ. ಗಾಡಿಗೆ ಹೋದ ಮೇಲೆ ಎರಡನ್ನೂ ಒಂದೇ ಗುಂಡಿಗೆ ಸುರಿಯುತ್ತಿದ್ದರು. ಅವತ್ತೇ ಡ್ರಮ್ ತಂದೆ.

ಸೀಮೆಸುಣ್ಣ

ಅಕ್ಕ, ನಿಮ್ಮ ಮೂಗು ಹೇಳಿದ್ದೇ ವಿಜ್ಞಾನ. ಗಾಳಿಯಿಲ್ಲದೆ ಕೊಳೆತರೆ ಮೀಥೇನ್ ಬರುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು. ಒಂದು ಟನ್ ಹಸಿ ಕಸ ರಾಶಿಯಲ್ಲಿ ಕೊಳೆತರೆ ಅಂದಾಜು ಅರ್ಧ ಟನ್ ಹೊಗೆಗೆ ಸಮ. ಊರಲ್ಲಿ ತಲೆಗೆ ದಿನಕ್ಕೆ 350 ಗ್ರಾಂ ಕಸ, ಅದರಲ್ಲಿ ಅರ್ಧ ಹಸಿ ಅಂದುಕೊಂಡರೆ ದಿನಕ್ಕೆ 20 ಟನ್ ಹಸಿ ಕಸ. ವರ್ಷಕ್ಕೆ 3,600 ಟನ್ ಹೊಗೆ ಆಯಿತು.

ಕೋಟೆಕೆರೆ ಏರಿ

ಲಕ್ಷದ ಮೇಲಿನ ಟನ್ನಿನಲ್ಲಿ 3,600. ನೂರಕ್ಕೆ ಮೂರು. ನಗರಸಭೆಯ ಕೈಯಲ್ಲಿರುವುದು ಇಷ್ಟೇನಾ? ಪಟ್ಟಿಗೆ ಇನ್ನೇನಾದರೂ ಸೇರಿಸುವವರು ಇದ್ದಾರಾ?

ನೀರು ಬಿಡೋರು

ನಾನಿದ್ದೇನೆ. ಬೇರೆ ಜಿಲ್ಲೆಯಲ್ಲಿ ಪಂಪ್‌ಹೌಸ್‌ನಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತನಾದವನು. ನಮ್ಮೂರಿಗೆ ಯಗಚಿಯ ನೀರು ಬೇಲೂರಿನ ಕಡೆಯಿಂದ ಮೇಲಕ್ಕೆ ಬರಬೇಕು. ನೀರು ತಾನಾಗಿ ಏರು ಹತ್ತುವುದಿಲ್ಲ. ಸಾವಿರ ಲೀಟರನ್ನು 100 ಮೀಟರ್ ಎತ್ತಲು ಲೆಕ್ಕದ ಪ್ರಕಾರ 0.27 ಯೂನಿಟ್ ಸಾಕು. ಪಂಪು, ಮೋಟಾರು, ಪೈಪಿನ ಸವೆತ ಎಲ್ಲ ಸೇರಿದರೆ ಅರ್ಧ ಯೂನಿಟ್ ಹಿಡಿಯಿರಿ. ತಲೆಗೆ ದಿನಕ್ಕೆ 135 ಲೀಟರ್ ಕೊಡಬೇಕು ಅನ್ನುವುದು ಸರ್ಕಾರಿ ಮಾನದಂಡ. ಗುಣಿಸಿ ನೋಡಿ, ದಿನಕ್ಕೆ 8,000 ಯೂನಿಟ್, ವರ್ಷಕ್ಕೆ 2,000 ಟನ್ ಹೊಗೆ.

ಇಲ್ಲಿ ಮೆಸ್ಕಾಂ ಬೇಡ, ರಾಯಚೂರು ಬೇಡ, ಇಥಾಕಾನೂ ಬೇಡ. ಪೈಪು ನಮ್ಮದು, ವಾಲ್ವ್ ನಮ್ಮದು. ಸೋರಿದ ಪ್ರತಿ ಹನಿಯೂ ಕರೆಂಟ್ ಕುಡಿದೇ ಬಂದಿರುತ್ತದೆ.

ಕೋಟೆಕೆರೆ ಏರಿ

ಮೂರು ಪ್ಲಸ್ ಎರಡು, ನೂರಕ್ಕೆ ಐದು. ಬೀದಿದೀಪ ಸೇರಿದರೆ ಇನ್ನೊಂದಿಷ್ಟು. ನನ್ನ ಅನುಮಾನ ಹೋಗಲಿಲ್ಲ, ಆದರೆ ಜಾಗ ಬದಲಾಯಿಸಿತು. ‘ಕಾರ್ಬನ್ ನ್ಯೂಟ್ರಲ್ 2030’ ಅಂತ ಬೋರ್ಡ್ ಹಾಕಿದರೆ ಈಗಲೂ ಸಹಿ ಹಾಕುವುದಿಲ್ಲ. ಗಡಿ ಬೇಕಾದ ಹಾಗೆ ಎಳೆದು, ಗೌಡ್ರ ಅತ್ತಿ ಮರ ಒಳಗೆ ಹಾಕಿ, ನನ್ನ ಮಹಡಿ ಹೊರಗೆ ಹಾಕಿದರೆ ಯಾವ ಊರು ಬೇಕಾದರೂ ನ್ಯೂಟ್ರಲ್ ಆಗುತ್ತದೆ. ಆದರೆ ‘ಹಸಿ ಕಸ ರಾಶಿಗೆ ಹೋಗಬಾರದು, ನೀರು ಸೋರಬಾರದು, ಪಂಪಿನ ಕರೆಂಟ್ ಬಿಲ್ ತಿಂಗಳಿಗೊಮ್ಮೆ ನೋಟಿಸ್ ಬೋರ್ಡಿಗೆ ಹಾಕಬೇಕು’ ಅಂತ ಮನವಿ ಬರೆಯಿರಿ. ಮೊದಲ ಸಹಿ ನನ್ನದು.

ಗಿರಿ ಹುಡುಗ

ಅಂಕಲ್, ಐದು ಪರ್ಸೆಂಟಿಗೆ ಯಾರು ಬರುತ್ತಾರೆ? ನೂರು ಅಂದರೆ ನಮ್ಮ ಕಾಲೇಜಿನ ಹುಡುಗರು ಬರುತ್ತಾರೆ. ಚರಂಡಿ, ವಾಲ್ವ್ ಅಂದರೆ ಯಾರೂ ಬರಲ್ಲ. ದೊಡ್ಡ ಮಾತಿಗೂ ಒಂದು ಕೆಲಸ ಇದೆ.

ಕೋಟೆಕೆರೆ ಏರಿ

ಅದೂ ನಿಜ ಇರಬಹುದು. ನನಗೆ ಒಪ್ಪಿಗೆ ಇಲ್ಲ, ಆದರೆ ನಿಜ ಇರಬಹುದು.

ನೀರು ಬಿಡೋರು

ಹುಡುಗ, ಹಾಗಾದರೆ ನಾಳೆ ನನ್ನ ಜೊತೆ ಬಾ. ನಮ್ಮ ಬಡಾವಣೆಯ ತಿರುವಿನಲ್ಲಿ ಒಂದು ವಾಲ್ವ್ ಸೋರುತ್ತಿದೆ. 20 ಲೀಟರ್ ಕ್ಯಾನ್ ತಗೊಂಡು ಬಾ, ಫೋನಿನಲ್ಲಿ ಟೈಮ್ ಹಿಡಿಯೋಣ.

ಗಿರಿ ಹುಡುಗ

ಹೋಗಿ ಬಂದೆವು. ಕ್ಯಾನ್ ತುಂಬಲು 50 ಸೆಕೆಂಡ್. ಮೂರು ಸಲ ಹಿಡಿದೆವು, ಮೂರು ಸಲವೂ ಹೆಚ್ಚುಕಮ್ಮಿ ಅಷ್ಟೇ. ಅಜ್ಜ ಅಲ್ಲೇ ಕಲ್ಲಿನ ಮೇಲೆ ಕೂತು ಬೀಡಿ ಪ್ಯಾಕೆಟ್ಟಿನ ಹಿಂದೆ ಲೆಕ್ಕ ಹಾಕಿದರು. ದಿನಕ್ಕೆ 34,560 ಲೀಟರ್. 17 ಯೂನಿಟ್. 12 ಕೆ.ಜಿ. ಹೊಗೆ. ತಿಂಗಳಿಗೆ 360 ಕೆ.ಜಿ. ದಾಟುತ್ತದೆ. ಕೋಟೆಕೆರೆ ಅಂಕಲ್ ಮನೆಯಂಥ ಮೂರು ಮನೆ. ಒಂದೇ ಒಂದು ವಾಲ್ವ್! ಫೋಟೊ ತೆಗೆದು ದೂರು ಕೊಟ್ಟು ಬಂದಿದ್ದೇವೆ. ಲೆಕ್ಕವನ್ನೂ ಜೊತೆಗೆ ಬರೆದಿದ್ದೇನೆ. ದೂರು ಬರೆದುಕೊಂಡವರು ‘ಇದೇನಪ್ಪ ಕೆ.ಜಿ. ಲೆಕ್ಕದಲ್ಲಿ ನೀರು?’ ಅಂತ ಕೇಳಿದರು.

ಕೋಟೆಕೆರೆ ಏರಿ

ಸರಿ ಮಾಡಿದರಾ?

ನೀರು ಬಿಡೋರು

ನಿನ್ನೆ ಬಂದು ಗುಂಡಿ ತೋಡಿದ್ದಾರೆ. ನೀರು ಇನ್ನೂ ಬರುತ್ತಿದೆ. ಈಗ ಗುಂಡಿಯೊಳಗೆ ಬೀಳುವುದರಿಂದ ಕ್ಯಾನ್ ಹಿಡಿಯಲು ಆಗುತ್ತಿಲ್ಲ.